ಸ್ಕಾಲರ್‌ಶಿಪ್ ಇಲ್ಲ ಅಂದ್ಮೇಲೆ ಆಡೋದ್ಯಾಕೆ?

“ದುಡ್ಡೂ ಕೊಡಲ್ಲ, ಸ್ಕಾಲರ್‌ಶಿಪ್ಪೂ ಇಲ್ಲ. ಮತ್ಯಾಕೆ ಆಡ್ಬೇಕು?”

ಭಾವ ಈ ಪ್ರಶ್ನೆ ಕೇಳಿದ್ದು ಮಗಳನ್ನು. ಆದರೆ ನೋಡಿದ್ದು ನನ್ನ ಮುಖ. ಮನೆಯಲ್ಲಿ ಒಂದು ಕಾಲದಲ್ಲಿ ಫುಟ್‌ಬಾಲ್ ಆಡಿದವನು ನಾನೊಬ್ಬನೇ. ಹಾಗಾಗಿ ಫುಟ್‌ಬಾಲಿಗೆ ಸಂಬಂಧಪಟ್ಟ ಎಲ್ಲ ತಪ್ಪುಗಳಿಗೂ ನಾನೇ ಹೊಣೆ ಅನ್ನೋದು ಅವರ ಲೆಕ್ಕ.

ಅದು 2024ರ ಮಾರ್ಚ್ ತಿಂಗಳ ಒಂದು ಭಾನುವಾರ. ಕಂಪನಿ ಕಳಿಸಿದ್ದಕ್ಕೆ ನಾನು ನ್ಯೂಜೆರ್ಸಿಗೆ ಬಂದು ಎರಡು ವರ್ಷವಾಗಿತ್ತು. ನನ್ನ ದೊಡ್ಡಮ್ಮನ ಮಗಳು, ಅಂದರೆ ಅಕ್ಕ, ಅಲ್ಲೇ ಎಡಿಸನ್‌ನಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಇದ್ದಾಳೆ. ಭಾನುವಾರ ಬೆಳಿಗ್ಗೆ ಅವಳ ಮನೆಯಲ್ಲಿ ಅಕ್ಕಿ ರೊಟ್ಟಿ ಅಂದ್ರೆ ನನ್ನ ವಾರದ ರಜೆ ಸಾರ್ಥಕ. ಅವತ್ತು ಮಾತ್ರ ರೊಟ್ಟಿ ತಟ್ಟೆಯಲ್ಲೇ ತಣ್ಣಗಾಯಿತು.

ಕಾರಣ ಪುಟ್ಟಿ. ಮನೆಯಲ್ಲಿ ಎಲ್ಲರೂ ಕರೆಯೋದು ಹಾಗೇ. ಆಗ ಅವಳು ಪೆನ್ಸಿಲ್ವೇನಿಯಾದ ಒಂದು ಸಣ್ಣ ಊರಿನ ಸಣ್ಣ ಕಾಲೇಜಿನಲ್ಲಿ ಎರಡನೇ ವರ್ಷದ ಬಯಾಲಜಿ ಓದುತ್ತಿದ್ದಳು. ಮುಂದೆ ಡಾಕ್ಟರ್ ಆಗಬೇಕು ಅನ್ನೋದು ಆಸೆ. ಅದರ ಜತೆಗೆ ಕಾಲೇಜಿನ ಸಾಕರ್ ಟೀಮಿನಲ್ಲಿ ಲೆಫ್ಟ್ ಬ್ಯಾಕ್. ಇದಿಷ್ಟು ಮನೆಯವರಿಗೆ ಗೊತ್ತಿದ್ದದ್ದೇ. ಹೊಸದಾಗಿ ಅವಳು ಟೇಬಲ್ ಮೇಲೆ ಇಟ್ಟದ್ದು ಇನ್ನೊಂದು ಆಸೆ: ಮೂರನೇ ವರ್ಷದಲ್ಲಿ ಒಂದು ಸೆಮಿಸ್ಟರ್ ಡೆನ್ಮಾರ್ಕಿನ ಕೋಪನ್‌ಹೇಗನ್‌ಗೆ ಹೋಗಿ ಓದುವುದು.

“ಓದು ಸರಿ, ಡಾಕ್ಟರ್ ಸರಿ. ಈಗ ಕೋಪನ್‌ಹೇಗನ್ ಬೇರೆ. ಎಲ್ಲಾ ಒಟ್ಟಿಗೆ ಆಗಲ್ಲ ಪುಟ್ಟಿ. ಒಂದನ್ನ ಬಿಡಬೇಕು ಅಂದ್ರೆ ಆ ಚೆಂಡನ್ನ ಬಿಡು” ಅಂದರು ಭಾವ. ಆಮೇಲೆ ಬಂತು ಆ ಪ್ರಶ್ನೆ.

ಏನಿದು ಡಿವಿಷನ್ ತ್ರೀ?

ಭಾವನ ಪ್ರಶ್ನೆ ತಪ್ಪೇನಲ್ಲ. ಅಮೆರಿಕದಲ್ಲಿ ಕಾಲೇಜು ಕ್ರೀಡೆ ಅಂದ್ರೆ ನಮಗೆ ನೆನಪಾಗೋದು ಲಕ್ಷ ಜನ ಕೂರುವ ಸ್ಟೇಡಿಯಂ, ಟೀವಿ, ಪೂರ್ತಿ ಫೀಸು ಕಟ್ಟುವ ಸ್ಕಾಲರ್‌ಶಿಪ್. ಅದು ಅಲ್ಲಿನ ಕಾಲೇಜು ಕ್ರೀಡೆಯ ಒಂದು ಮುಖ ಅಷ್ಟೇ.

ಅಲ್ಲಿ ಕಾಲೇಜು ಕ್ರೀಡೆಯನ್ನು ನಡೆಸುವ ದೊಡ್ಡ ಸಂಸ್ಥೆ ಎನ್‌ಸಿಎಎ. ಅದರಲ್ಲಿ ಮೂರು ಡಿವಿಷನ್‌ಗಳಿವೆ. ಟೀವಿಯಲ್ಲಿ ಕಾಣೋದು ಹೆಚ್ಚಾಗಿ ಮೊದಲನೆಯದು. ಆದರೆ ಕಾಲೇಜುಗಳ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡದು ಮೂರನೆಯದು. ಅದರಲ್ಲಿ 400ಕ್ಕೂ ಹೆಚ್ಚು ಕಾಲೇಜುಗಳಿವೆ. ಬಹುಪಾಲು ಸಣ್ಣವು, ಸಾವಿರವೋ ಎರಡು ಸಾವಿರವೋ ವಿದ್ಯಾರ್ಥಿಗಳಿರುವಂಥವು. ಇಲ್ಲಿ ಆಟಕ್ಕೆ ಅಂತ ಒಂದು ಡಾಲರ್ ಸ್ಕಾಲರ್‌ಶಿಪ್ ಕೊಡುವಂತಿಲ್ಲ. ಅದು ನಿಯಮ. ಓದಿನ ಮೇಲೆ, ಮನೆಯ ಆದಾಯದ ಮೇಲೆ ಸಿಗುವ ಸಹಾಯ ಎಲ್ಲ ವಿದ್ಯಾರ್ಥಿಗಳಿಗೆ ಹೇಗೋ ಆಟಗಾರರಿಗೂ ಹಾಗೇ. ಅದನ್ನು ಲೆಕ್ಕ ಹಾಕುವಾಗ ಯಾರು ಚೆನ್ನಾಗಿ ಆಡ್ತಾರೆ ಅನ್ನೋದನ್ನು ನೋಡುವಂತಿಲ್ಲ.

ಹಾಗಂತ ಇದು ಸಂಜೆ ಹೊತ್ತಿನ ಕಾಲಕ್ಷೇಪದ ಆಟ ಅಂದ್ಕೋಬೇಡಿ. ಪುಟ್ಟಿಯ ಕಾಲೇಜು ಇರುವ ರಾಜ್ಯದಲ್ಲೇ ಮೆಸ್ಸೈಯಾ ಅನ್ನೋ ಒಂದು ಸಣ್ಣ ವಿಶ್ವವಿದ್ಯಾಲಯ ಇದೆ. ಅದರ ಪುರುಷರ ತಂಡ 2000ದಿಂದ 2017ರೊಳಗೆ 11 ಬಾರಿ ಡಿವಿಷನ್ ತ್ರೀ ರಾಷ್ಟ್ರೀಯ ಚಾಂಪಿಯನ್ ಆಗಿದೆ. 2022ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ಪುರುಷರ ತಂಡ ಕಪ್ ಗೆದ್ದಾಗ ಅದರ ಕೋಚ್ ಜೂಲಿಯಾನ್ ಸಿಚ್. ಪುರುಷರ ಸಾಕರ್ ತಂಡವನ್ನು ಎನ್‌ಸಿಎಎ ಪ್ರಶಸ್ತಿಯವರೆಗೆ ಕರೆದೊಯ್ದ ಮೊದಲ ಮಹಿಳೆ ಅವರು. ಇದೂ ನಡೆದದ್ದು ಡಿವಿಷನ್ ತ್ರೀಯಲ್ಲೇ.

ಇನ್ನು ಹುಡುಗಿಯರ ಸಾಕರ್ ವಿಷಯ. 1972ರಲ್ಲಿ ಬಂದ ‘ಟೈಟಲ್ ನೈನ್’ ಕಾನೂನು, ಸರ್ಕಾರದ ದುಡ್ಡು ಪಡೆಯುವ ಶಿಕ್ಷಣ ಸಂಸ್ಥೆಗಳಲ್ಲಿ ಹೆಣ್ಣು-ಗಂಡು ಭೇದ ಮಾಡಬಾರದು ಅಂತ ಹೇಳಿತು. ಕ್ರೀಡೆಗೂ ಅದು ಅನ್ವಯಿಸಿತು. ಅಲ್ಲಿಂದ ಶಾಲೆ-ಕಾಲೇಜುಗಳಲ್ಲಿ ಹುಡುಗಿಯರ ತಂಡಗಳು ಬೆಳೆದವು. ಅಮೆರಿಕದ ಮಹಿಳೆಯರು 1991, 1999, 2015 ಮತ್ತು 2019ರಲ್ಲಿ ವಿಶ್ವಕಪ್ ಗೆದ್ದದ್ದರ ಹಿಂದೆ ಈ ಬೇರು ಇದೆ. ಪುಟ್ಟಿ ಐದನೇ ವಯಸ್ಸಿನಿಂದ ಶನಿವಾರ ಬೆಳಿಗ್ಗೆ ಮೈದಾನಕ್ಕೆ ಹೋಗುತ್ತಿದ್ದವಳು. ಅವಳಿಗೆ ಅದು ಹವ್ಯಾಸ ಅಲ್ಲ, ಅವಳ ಬೆಳವಣಿಗೆಯ ಒಂದು ಭಾಗ.

ನಾಲ್ಕು ಗಂಟೆಯ ಲ್ಯಾಬು, ನಾಲ್ಕೂವರೆಯ ಪ್ರಾಕ್ಟೀಸು

ಒಮ್ಮೆ ಅವಳ ವೇಳಾಪಟ್ಟಿ ನೋಡಿ ನಂಗೇ ಸುಸ್ತಾಯ್ತು. ಸಾಕರ್ ಸೀಸನ್ ಇರೋದು ‘ಫಾಲ್’ನಲ್ಲಿ, ಅಂದರೆ ಆಗಸ್ಟ್ ಕೊನೆಯಿಂದ ನವೆಂಬರ್‌ವರೆಗೆ. ಬೇರೆ ಮಕ್ಕಳು ಕಾಲೇಜಿಗೆ ಬರುವ ಮೊದಲೇ ಇವರು ಬಂದು ಬಿಸಿಲಲ್ಲಿ ಓಡುತ್ತಿರುತ್ತಾರೆ. ತರಗತಿ ಶುರುವಾದ ಮೇಲೆ ಬೆಳಿಗ್ಗೆ ಕ್ಲಾಸು, ಮಧ್ಯಾಹ್ನ ಲ್ಯಾಬು, ನಾಲ್ಕೂವರೆಗೆ ಪ್ರಾಕ್ಟೀಸು. ಬುಧವಾರ ಒಂದು ಮ್ಯಾಚು, ಶನಿವಾರ ಒಂದು. ಹೊರಗಿನ ಊರಾದರೆ ಬಸ್ಸಿನಲ್ಲಿ ಮೂರು ಗಂಟೆ ಹೋಗಿ, ಆಡಿ, ರಾತ್ರಿ ಹನ್ನೊಂದಕ್ಕೆ ವಾಪಸ್. ಆರ್ಗ್ಯಾನಿಕ್ ಕೆಮಿಸ್ಟ್ರಿಯ ಅರ್ಧ ಭಾಗವನ್ನು ಆ ಬಸ್ಸಿನಲ್ಲೇ, ತಲೆ ಮೇಲಿನ ಸಣ್ಣ ಲೈಟಿನಲ್ಲಿ ಓದಿದ್ದೀನಿ ಅಂತಾಳೆ.

ಆದರೆ ಆ ವ್ಯವಸ್ಥೆಯಲ್ಲಿ ಒಂದು ಮರ್ಯಾದೆ ಇದೆ. ಪ್ರಾಕ್ಟೀಸಿಗೋಸ್ಕರ ಕ್ಲಾಸು ತಪ್ಪಿಸುವಂತಿಲ್ಲ ಅನ್ನೋದು ಡಿವಿಷನ್ ತ್ರೀ ನಿಯಮ. ಪುಟ್ಟಿಯ ಲ್ಯಾಬು ಮಂಗಳವಾರ ತಡವಾಗುತ್ತಿತ್ತು. ಹಾಗಾಗಿ ಮಂಗಳವಾರ ಅವಳು ಪ್ರಾಕ್ಟೀಸಿಗೆ ಐದು ಗಂಟೆಗೆ ಬರ್ತಾಳೆ ಅನ್ನೋದನ್ನು ಕೋಚ್ ತಮ್ಮ ಹಾಳೆಯಲ್ಲೇ ಬರ್ಕೊಂಡಿದ್ದರು. ಕೇಳಿದಾಗ ನಂಗೆ ಸಣ್ಣ ಹೊಟ್ಟೆಕಿಚ್ಚಾಯ್ತು. ಯಾಕೆ ಅಂತ ಹೇಳ್ತೀನಿ.

ನನ್ನ ಐದನೇ ಸೆಮಿಸ್ಟರ್

ನಾನು ಮೈಸೂರಿನಲ್ಲಿ ಇಂಜಿನಿಯರಿಂಗ್ ಓದಿದವನು. ನಮ್ಮ ಕಾಲೇಜಿನ ಗ್ರೌಂಡು ಕೆಂಪು ಮಣ್ಣು, ಗೋಲ್ ಪೋಸ್ಟಿಗೆ ನೆಟ್ ಇರಲಿಲ್ಲ. ಗೋಲಾದರೆ ಚೆಂಡು ಹಿಂದಿನ ಹಾಸ್ಟೆಲ್ ಗೋಡೆಗೆ ಬಡಿದು ವಾಪಸ್ ಬರುತ್ತಿತ್ತು. ಆದರೂ ಟೀಮ್ ಚೆನ್ನಾಗಿತ್ತು. 2015ರಲ್ಲಿ, ನಾನು ಐದನೇ ಸೆಮಿಸ್ಟರ್‌ನಲ್ಲಿದ್ದಾಗ, ವಿಟಿಯು ಅಂತರ ಕಾಲೇಜು ಟೂರ್ನಿ ಮತ್ತು ನಮ್ಮ ಇಂಟರ್ನಲ್ಸ್ ಒಂದೇ ವಾರ ಬಂದವು.

ಅಟೆಂಡೆನ್ಸ್ ಆಗಲೇ 85ರ ಗಡಿಯಲ್ಲಿತ್ತು. ಅಪ್ಪ ಫೋನಿನಲ್ಲಿ “ಮುಂದಿನ ವರ್ಷ ಪ್ಲೇಸ್‌ಮೆಂಟು, ನೆನಪಿರಲಿ” ಅಂದಿದ್ದರು. ಟೂರ್ನಿಯ ಹಿಂದಿನ ರಾತ್ರಿ ಕ್ಯಾಪ್ಟನ್‌ಗೆ ಒಂದು ಮೆಸೇಜ್ ಹಾಕಿದೆ: “ಮಚ್ಚಾ, ನಾನು ಬರಕ್ಕಾಗಲ್ಲ.” ಅಷ್ಟೇ. ಅವನು ಉತ್ತರ ಕೊಡಲಿಲ್ಲ. ಟೀಮು ಹತ್ತೇ ಜನ ಪಕ್ಕಾ ಆಟಗಾರರ ಜತೆ, ಗೋಲ್‌ಕೀಪರ್ ಬದಲಿಗೆ ಬಂದಿದ್ದ ಒಬ್ಬ ಜೂನಿಯರ್‌ನನ್ನು ನನ್ನ ಜಾಗದಲ್ಲಿ ನಿಲ್ಲಿಸಿಕೊಂಡು ಆಡಿ, ಮೊದಲ ಸುತ್ತಿನಲ್ಲೇ ಸೋತು ಬಂತು.

ಅದಕ್ಕಿಂತ ಹೆಚ್ಚು ಚುಚ್ಚಿದ್ದು ಆಮೇಲೆ ಗೊತ್ತಾದ ವಿಷಯ. ನನ್ನದೇ ಬ್ರಾಂಚಿನ ಇನ್ನೊಬ್ಬ ಆಟಗಾರ ಎರಡು ವಾರ ಮೊದಲೇ ಎಚ್‌ಒಡಿ ಹತ್ರ ಹೋಗಿ ಕೇಳಿದ್ದ. ಅವರು ಒಂದು ಅರ್ಜಿ ಬರೆಸಿಕೊಂಡು, ಅವನಿಗೆ ಮುಂದಿನ ಸೋಮವಾರ ಬೇರೆ ಪ್ರಶ್ನೆಪತ್ರಿಕೆ ಕೊಟ್ಟು ಇಂಟರ್ನಲ್ಸ್ ಬರೆಸಿದ್ದರು. ನನಗೂ ಕೊಡುತ್ತಿದ್ದರು. ನಾನು ಕೇಳಲೇ ಇಲ್ಲ. ಯಾರೂ ಹೇಳದ ‘ಇಲ್ಲ’ವನ್ನು ನಾನೇ ಹೇಳಿಕೊಂಡು, ಆಟ ಬಿಟ್ಟುಬಿಟ್ಟಿದ್ದೆ. ಆ ಕ್ಯಾಪ್ಟನ್ ಜತೆ ಮಾತು ಮೊದಲಿನಂತೆ ಆಗಲಿಲ್ಲ. ಮೈದಾನಕ್ಕೂ ಮತ್ತೆ ಹೋಗಲಿಲ್ಲ.

ಇದನ್ನು ಅವತ್ತು ಭಾವನ ಮುಂದೆ ಮೊದಲ ಸಲ ಹೇಳಿದೆ. ಭಾವ ಏನೂ ಅನ್ನಲಿಲ್ಲ. ಅಕ್ಕ ರೊಟ್ಟಿ ಬಿಸಿ ಮಾಡಿ ತಂದಳು.

ಮೂರು ಕ್ಯಾಲೆಂಡರ್, ಒಂದು ಹುಡುಗಿ

ಊಟ ಆದ ಮೇಲೆ ನಾನು, ಪುಟ್ಟಿ ಒಂದು ಹಾಳೆ ತಗೊಂಡು ಕೂತೆವು. ನಾವು ಸಾಫ್ಟ್‌ವೇರ್‌ನವರಿಗೆ ಯಾವುದೇ ಸಮಸ್ಯೆ ಬಂದರೂ ಮೊದಲು ಡಿಪೆಂಡೆನ್ಸಿ ಬರೆಯೋದು ಅಭ್ಯಾಸ. ಯಾವುದು ಯಾವುದರ ಮೇಲೆ ನಿಂತಿದೆ, ಯಾವುದನ್ನು ಜರುಗಿಸಬಹುದು, ಯಾವುದನ್ನು ಆಗಲ್ಲ.

ಸಾಕರ್ ಸೀಸನ್ ಜರುಗಲ್ಲ. ಅದು ಫಾಲ್‌ನಲ್ಲೇ. ಸ್ಪ್ರಿಂಗ್‌ನಲ್ಲಿ ಕೆಲವೇ ವಾರಗಳ ಪ್ರಾಕ್ಟೀಸು ಇರುತ್ತೆ ಅಷ್ಟೇ. ಆದ್ದರಿಂದ ಸಾಕರ್ ಆಡುವ ಹುಡುಗ ಹುಡುಗಿಯರು ಹೊರದೇಶಕ್ಕೆ ಹೋಗೋದಾದರೆ ಸಾಮಾನ್ಯವಾಗಿ ಮೂರನೇ ವರ್ಷದ ಸ್ಪ್ರಿಂಗ್ ಆರಿಸಿಕೊಳ್ತಾರೆ. ಇದು ಫಾಲ್ ಆಟದವರ ಅದೃಷ್ಟ. ಬ್ಯಾಸ್ಕೆಟ್‌ಬಾಲ್ ಆಡುವವರಿಗೆ ಈ ದಾರಿಯೂ ಕಷ್ಟ, ಅವರ ಸೀಸನ್ ಎರಡೂ ಸೆಮಿಸ್ಟರ್‌ಗೆ ಚಾಚಿಕೊಂಡಿರುತ್ತೆ.

ಆದರೆ ಪುಟ್ಟಿಗೆ ಸ್ಪ್ರಿಂಗ್‌ನಲ್ಲಿ ಬೇರೆ ಗಂಟಿತ್ತು. ಬಯೋಕೆಮಿಸ್ಟ್ರಿ. ಸಣ್ಣ ಕಾಲೇಜಿನ ಕಷ್ಟ ಇದು: ಕ್ಲಾಸಿನಲ್ಲಿ ಹದಿನೈದೇ ಜನ, ಪ್ರೊಫೆಸರ್‌ಗೆ ನಿಮ್ಮ ಹೆಸರು ಗೊತ್ತು, ಎಲ್ಲಾ ಸರಿ. ಆದರೆ ಅವಳ ಕಾಲೇಜಿನಲ್ಲಿ ಆ ವಿಷಯ ಪಾಠ ಮಾಡುವವರು ಒಬ್ಬರೇ, ವರ್ಷಕ್ಕೆ ಒಂದೇ ಸಲ, ಸ್ಪ್ರಿಂಗ್‌ನಲ್ಲಿ. ಮೆಡಿಕಲ್ ಪ್ರವೇಶದ ಎಂಕ್ಯಾಟ್ ಪರೀಕ್ಷೆಗೆ ಅದು ಬೇಕು. ವಿರಾಮಗಳೂ ಸೇರಿ ಏಳೂವರೆ ಗಂಟೆ ಕೂರಿಸುವ ಪರೀಕ್ಷೆ ಅದು. ಡಿಗ್ರಿ ಮುಗಿದ ತಕ್ಷಣ ಮೆಡಿಕಲ್ ಸೇರಬೇಕಾದರೆ ಮೂರನೇ ವರ್ಷ ಮುಗಿಯುವ ಹೊತ್ತಿಗೆ ಆ ಪರೀಕ್ಷೆ ಬರೆದು, ಆ ಬೇಸಿಗೆಯಲ್ಲೇ ಅರ್ಜಿ ಹಾಕಬೇಕು.

ಹಾಳೆಯ ಮೇಲೆ ಮೂರು ದಾರಿ ಕಂಡವು. ಫಾಲ್‌ನಲ್ಲಿ ಹೋದರೆ ಮೆಡಿಕಲ್‌ಗೆ ತೊಂದರೆ ಇಲ್ಲ, ಒಂದು ಇಡೀ ಸೀಸನ್ ಹೋಗುತ್ತೆ. ಸ್ಪ್ರಿಂಗ್‌ನಲ್ಲಿ ಹೋದರೆ ಸೀಸನ್ ಉಳಿಯುತ್ತೆ, ಬಯೋಕೆಮಿಸ್ಟ್ರಿ ನಾಲ್ಕನೇ ವರ್ಷಕ್ಕೆ ಹೋಗಿ, ಮೆಡಿಕಲ್ ಸೇರುವುದು ಒಂದು ವರ್ಷ ತಡ. ಹೋಗದೇ ಇದ್ದರೆ ಎರಡೂ ಉಳಿಯುತ್ತೆ, ಕೋಪನ್‌ಹೇಗನ್ ಹೋಗುತ್ತೆ.

“ಬೇಸಿಗೆ ರಜೆಯಲ್ಲಿ ನಾಲ್ಕು ವಾರ ಹೋಗಿ ಬಾ” ಅಂದಳು ಅಕ್ಕ. ತುಂಬಾ ಮಕ್ಕಳು ಹಾಗೇ ಮಾಡ್ತಾರೆ. ತಪ್ಪೇನಿಲ್ಲ. ಪುಟ್ಟಿ ಒಪ್ಪಲಿಲ್ಲ. “ಅಮ್ಮಾ, ನಾಲ್ಕು ವಾರ ಹೋದ್ರೆ ಅದು ಟೂರು. ನಂಗೆ ಅಲ್ಲಿ ಆಸ್ಪತ್ರೆ ಹೇಗೆ ನಡೆಯುತ್ತೆ ನೋಡ್ಬೇಕು. ಬೇಸಿಗೆಯಲ್ಲಿ ನಂಗೆ ಇಲ್ಲಿ ಆಸ್ಪತ್ರೆ ಕೆಲಸಾನೂ ಇದೆ.”

ಭಾವನಿಗೆ ಹಿಡಿದದ್ದು ಒಂದೇ ಮಾತು: ಒಂದು ವರ್ಷ ತಡ. ನಮ್ಮ ಮನೆಗಳಲ್ಲಿ ‘ಒಂದು ವರ್ಷ ವೇಸ್ಟ್’ ಅನ್ನೋದಕ್ಕಿಂತ ದೊಡ್ಡ ಬೈಗುಳ ಇಲ್ಲ. ಫೇಲಾದವರಿಗೂ ಅದೇ ಮಾತು, ಕಾಯಿಲೆ ಬಿದ್ದವರಿಗೂ ಅದೇ ಮಾತು.

“ಯಾರನ್ನಾದರೂ ಕೇಳಿದ್ದೀಯಾ?” ಅಂದೆ.

“ಇಲ್ಲ ಮಾಮ. ಕೋಚ್ ಹತ್ರ ಹೋದ್ರೆ ಇವಳಿಗೆ ಆಟದ ಮೇಲೆ ಆಸಕ್ತಿ ಇಲ್ಲ ಅಂದ್ಕೋತಾರೆ. ಪ್ರೊಫೆಸರ್ ಹತ್ರ ಹೋದ್ರೆ ಓದಿನ ಮೇಲೆ ಇಲ್ಲ ಅಂದ್ಕೋತಾರೆ.”

ಹತ್ತು ವರ್ಷದ ಹಿಂದಿನ ನನ್ನ ದನಿ ಕೇಳಿದ ಹಾಗಾಯ್ತು.

ಕೇಳಿದಾಗ ಸಿಕ್ಕ ಉತ್ತರ

ಆ ವಾರ ಅವಳು ಮೂರು ಇಮೇಲ್ ಬರೆದಳು. ಕೋಚ್‌ಗೆ, ಓದಿನ ಸಲಹೆ ಕೊಡುವ ಪ್ರೊಫೆಸರ್‌ಗೆ, ಹೊರದೇಶದ ಓದಿನ ಆಫೀಸಿಗೆ.

ಕೋಚ್ ತಮ್ಮ ಕೋಣೆಗೆ ಕರೆದು ಮಾತಾಡಿದರು. ಫಾಲ್‌ನಲ್ಲಿ ಹೋದರೂ ಸ್ಪ್ರಿಂಗ್‌ನಲ್ಲಿ ಹೋದರೂ ಟೀಮಿನಲ್ಲಿ ನಿನ್ನ ಜಾಗ ಇರುತ್ತೆ. ಆದರೆ ಆಡುವ ಹನ್ನೊಂದರಲ್ಲಿ ಇರುತ್ತೆ ಅಂತ ಮಾತು ಕೊಡಲ್ಲ. ವಾಪಸ್ ಬಂದಾಗ ಯಾರು ಚೆನ್ನಾಗಿ ಆಡ್ತಾರೋ ಅವರು ಆಡ್ತಾರೆ. ಪುಟ್ಟಿಗೆ ಸ್ವಲ್ಪ ಬೇಜಾರಾಯ್ತು, ಸ್ವಲ್ಪ ಸಮಾಧಾನವೂ ಆಯ್ತು. ಬೆಲೆ ಎಷ್ಟು ಅಂತ ಮೊದಲೇ ಗೊತ್ತಾಯ್ತಲ್ಲ.

ಪ್ರೊಫೆಸರ್ ಹೇಳಿದ್ದು ಇನ್ನೂ ಸರಳ. ಡಿಗ್ರಿ ಮುಗಿಸಿ ಒಂದು ವರ್ಷ ಆಸ್ಪತ್ರೆಯಲ್ಲೋ ಲ್ಯಾಬಿನಲ್ಲೋ ಕೆಲಸ ಮಾಡಿ ಆಮೇಲೆ ಮೆಡಿಕಲ್ ಸೇರುವವರು ಅಲ್ಲಿ ಬೇಕಾದಷ್ಟು ಜನ. ಅದನ್ನು ಯಾರೂ ವೇಸ್ಟ್ ಅನ್ನಲ್ಲ, ‘ಗ್ಯಾಪ್ ಇಯರ್’ ಅಂತಾರೆ.

ಹೊರದೇಶದ ಓದಿನ ಆಫೀಸಿನವರು, ಕಾಲೇಜು ಒಪ್ಪಿದ ಕಾರ್ಯಕ್ರಮಕ್ಕೆ ಹೋದರೆ ಅವಳಿಗೆ ಸಿಗುತ್ತಿದ್ದ ಸಹಾಯಧನ ಆ ಸೆಮಿಸ್ಟರ್‌ಗೂ ಸಿಗುತ್ತೆ ಅಂದರು. ಎಲ್ಲ ಕಾಲೇಜಿನಲ್ಲೂ ಹೀಗಿಲ್ಲ, ಕೇಳಿಯೇ ತಿಳ್ಕೋಬೇಕು. ಇಂಥ ಕಾಲೇಜುಗಳಲ್ಲಿ ಹೊರದೇಶದ ಓದು ಅಂದ್ರೆ ಎಲ್ಲೋ ಒಬ್ಬರ ಶೋಕಿ ಅಲ್ಲ. ಬಾಲ್ಟಿಮೋರ್ ಹತ್ತಿರದ ಗೌಚರ್ ಕಾಲೇಜು 2006ರಲ್ಲಿ ಅದನ್ನು ತನ್ನ ಎಲ್ಲ ವಿದ್ಯಾರ್ಥಿಗಳಿಗೂ ಕಡ್ಡಾಯ ಮಾಡಿತು. ಗೌಚರ್ ಆಡುವುದೂ ಡಿವಿಷನ್ ತ್ರೀಯಲ್ಲೇ.

ಆ ರಾತ್ರಿ ಭಾವನಿಗೆ ನಾನೇ ಫೋನ್ ಮಾಡಿದೆ. “ಭಾವ, ನೀವು ಅವತ್ತು ಕೇಳಿದ ಪ್ರಶ್ನೆಗೆ ಉತ್ತರ ಸಿಕ್ತು. ಸ್ಕಾಲರ್‌ಶಿಪ್ ಇಲ್ಲದೇ ಇರೋದೇ ಒಳ್ಳೇದಾಯ್ತು. ಆಟಕ್ಕೆ ದುಡ್ಡು ಕೊಟ್ಟಿದ್ರೆ ಕೋಚ್ ಮಾತು ಮೀರುವಾಗ ಫೀಸಿನ ಯೋಚನೆ ಬರ್ತಿತ್ತು. ಈಗ ಅವಳು ಆಡಿದ್ರೂ ಬಿಟ್ರೂ ಹೋದ್ರೂ ಬಂದ್ರೂ ಫೀಸು ಒಂದು ಪೈಸೆ ಹೆಚ್ಚಾಗಲ್ಲ. ಅವಳು ಅಲ್ಲಿ ಇರೋದು ಇಷ್ಟಪಟ್ಟು.”

ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. “ಒಂದು ವರ್ಷ ಕೆಲಸ ಮಾಡಿದ್ರೆ ಸಂಬಳ ಕೊಡ್ತಾರಾ?” ಅಂದರು. ಒಪ್ಪಿಗೆ ಅಂತ ನಾನು ಅಂದುಕೊಂಡೆ.

ಚಳಿಯ ಪಾರ್ಕಿನಲ್ಲಿ

ಪುಟ್ಟಿ 2024ರ ಸೀಸನ್ ಪೂರ್ತಿ ಆಡಿದಳು. 2025ರ ಜನವರಿಯಲ್ಲಿ ಕೋಪನ್‌ಹೇಗನ್‌ಗೆ ಹೋದಳು. ಅಮೆರಿಕದ ವಿದ್ಯಾರ್ಥಿಗಳಿಗಾಗಿ ಇಂಗ್ಲಿಷಿನಲ್ಲೇ ಪಾಠ ನಡೆಸುವ ಕಾರ್ಯಕ್ರಮ ಅಲ್ಲಿದೆ. ಅವಳು ಆರಿಸಿಕೊಂಡದ್ದು ಆರೋಗ್ಯ ವ್ಯವಸ್ಥೆಗೆ ಸಂಬಂಧಪಟ್ಟ ಕೋರ್ಸು. ಮೊದಲ ತಿಂಗಳು ಫೋನ್ ಮಾಡಿದಾಗಲೆಲ್ಲ ಒಂದೇ ಬೆರಗು: “ಮಾಮ, ಇಲ್ಲಿ ಡಾಕ್ಟರ್ ಹತ್ರ ಹೋದ್ರೆ ಬಿಲ್ಲೇ ಬರಲ್ಲ, ಗೊತ್ತಾ? ತೆರಿಗೆಯಲ್ಲೇ ನಡೆಯುತ್ತೆ.” ಅಮೆರಿಕದ ಆಸ್ಪತ್ರೆ ಬಿಲ್ಲುಗಳ ನಡುವೆ ಬೆಳೆದ ಹುಡುಗಿ. ಮುಂದೆ ಎಂಥ ಡಾಕ್ಟರ್ ಆಗಬೇಕು ಅನ್ನೋ ಯೋಚನೆಗೆ ಅದು ಬಿದ್ದ ಬೀಜ.

ಎಲ್ಲವೂ ಚೆನ್ನಾಗಿತ್ತು ಅಂತ ಹೇಳಿದರೆ ಸುಳ್ಳಾಗುತ್ತೆ. ಸಂಜೆ ಬೇಗ ಕತ್ತಲು. ಅನ್ನ-ಸಾರು ತಾನೇ ಮಾಡ್ಕೋಬೇಕು. ಮಾರ್ಚ್-ಏಪ್ರಿಲ್‌ನಲ್ಲಿ ಟೀಮಿನವರು ಸ್ಪ್ರಿಂಗ್ ಪ್ರಾಕ್ಟೀಸಿನ ಫೋಟೊ ಗ್ರೂಪಿಗೆ ಹಾಕುವಾಗ ಇವಳಿಗೆ ಅಳು. ತನ್ನ ಲೆಫ್ಟ್ ಬ್ಯಾಕ್ ಜಾಗದಲ್ಲಿ ಮೊದಲ ವರ್ಷದ ಹುಡುಗಿಯೊಬ್ಬಳು ನಿಂತಿದ್ದ ವಿಡಿಯೊ ನೋಡಿ, ಎರಡು ದಿನ ಆ ಗ್ರೂಪ್ ಮ್ಯೂಟ್ ಮಾಡಿದ್ದಳಂತೆ.

ಕೋಚ್ ಕೊಟ್ಟ ಓಟದ ಪಟ್ಟಿ ಗೋಡೆಗೆ ಅಂಟಿಸಿಕೊಂಡಿದ್ದಳು. ವಾರಕ್ಕೆ ನಾಲ್ಕು ದಿನ ಓಟ. ಅಲ್ಲಿನ ಫೆಲ್ಲೆಡ್ ಪಾರ್ಕ್ ಅನ್ನೋ ದೊಡ್ಡ ಉದ್ಯಾನದಲ್ಲಿ ಫುಟ್‌ಬಾಲ್ ಮೈದಾನಗಳಿವೆ. ಡೆನ್ಮಾರ್ಕಿನ ರಾಷ್ಟ್ರೀಯ ತಂಡ ಆಡುವ ಸ್ಟೇಡಿಯಂ ಅದರ ಪಕ್ಕದಲ್ಲೇ. ಒಂದು ಭಾನುವಾರ ಅಲ್ಲಿ ಆಡುತ್ತಿದ್ದವರನ್ನು ನೋಡ್ತಾ ನಿಂತಿದ್ದಳಂತೆ. ಹಿಂದೆ ಆಗಿದ್ದರೆ ನೋಡಿ ಹೊರಟುಬಿಡುತ್ತಿದ್ದೆ ಅಂದಳು. ಅವತ್ತು ಹೋಗಿ ಕೇಳಿದಳು. ಆಮೇಲೆ ಪ್ರತಿ ಭಾನುವಾರ ಅಲ್ಲಿ ಆಟ.

ಬೆಂಚು

2025ರ ಆಗಸ್ಟ್. ನಾಲ್ಕನೇ ವರ್ಷ, ಕೊನೆಯ ಸೀಸನ್. ಮೊದಲ ಮ್ಯಾಚಿನ ಹನ್ನೊಂದರಲ್ಲಿ ಪುಟ್ಟಿ ಇರಲಿಲ್ಲ.

ಕೋಚ್ ಹೇಳಿದ ಹಾಗೇ ಆಗಿತ್ತು. ಆ ಚಿಕ್ಕ ಹುಡುಗಿ ಸ್ಪ್ರಿಂಗ್ ಪೂರ್ತಿ ಟೀಮಿನ ಜತೆ ಇದ್ದವಳು, ಪಕ್ಕದ ಡಿಫೆಂಡರ್ ಜತೆ ಹೊಂದಾಣಿಕೆ ಕೂತಿತ್ತು. ಪುಟ್ಟಿ ಐದು ಮ್ಯಾಚು ಬೆಂಚಿನಲ್ಲಿ ಶುರು ಮಾಡಿದಳು. ಕೊನೆಯ ಇಪ್ಪತ್ತು ನಿಮಿಷ, ಕೆಲವೊಮ್ಮೆ ಹತ್ತು. ನಾನು ಒಂದು ಶನಿವಾರ ಎರಡೂವರೆ ಗಂಟೆ ಕಾರು ಓಡಿಸಿಕೊಂಡು ಹೋಗಿ ಹನ್ನೆರಡು ನಿಮಿಷದ ಆಟ ನೋಡಿ ಬಂದೆ. ಆಟ ಮುಗಿದ ಮೇಲೆ, “ಕೋಪನ್‌ಹೇಗನ್‌ಗೆ ಹೋಗದೇ ಇರಬೇಕಿತ್ತು ಅನ್ಸುತ್ತಾ?” ಅಂತ ಕೇಳಿದೆ.

“ಶನಿವಾರ ಮಧ್ಯಾಹ್ನ ಅನ್ಸುತ್ತೆ ಮಾಮ. ಭಾನುವಾರದ ಹೊತ್ತಿಗೆ ಅನ್ಸಲ್ಲ.”

ಬ್ಯಾಲೆನ್ಸ್ ಅನ್ನೋ ಪದ ನಾವು ಆಫೀಸಿನಲ್ಲಿ ದಿನಾ ಬಳಸ್ತೀವಿ, ತಕ್ಕಡಿಯ ಎರಡೂ ತಟ್ಟೆ ಸಮ ನಿಲ್ಲುತ್ತೆ ಅನ್ನೋ ಹಾಗೆ. ಪುಟ್ಟಿಯನ್ನು ನೋಡಿದ ಮೇಲೆ ನಂಗೆ ಹಾಗನ್ನಿಸಲ್ಲ. ಎಲ್ಲವೂ ಸಮ ಇರೋದು ಯಾವತ್ತೂ ಇಲ್ಲ. ಒಂದು ಕಾಲದಲ್ಲಿ ಒಂದು ಮೇಲೆ, ಇನ್ನೊಂದು ಕೆಳಗೆ. ಯಾವುದು ಯಾವಾಗ ಅನ್ನೋದನ್ನು ನಾವೇ ಆರಿಸಿ, ಸಂಬಂಧಪಟ್ಟವರಿಗೆ ಮೊದಲೇ ಹೇಳಿ, ಅದರ ಬೆಲೆ ಕೊಡೋಕೆ ತಯಾರಿದ್ದರೆ ಸಾಕು.

ನಿಮ್ಮ ಮನೆಯಲ್ಲೂ ಇಂಥವರಿದ್ದರೆ

ಈಗ ನಮ್ಮ ಊರುಗಳಿಂದ ಪಿಯುಸಿ ಮುಗಿಸಿ ನೇರವಾಗಿ ಅಮೆರಿಕಕ್ಕೆ ಡಿಗ್ರಿಗೆ ಹೋಗುವ ಮಕ್ಕಳೂ ಇದ್ದಾರೆ. ನಿಮ್ಮ ತಂಗಿಯೋ ಕಸಿನ್ನೋ ಆಟದ ಹುಚ್ಚಿನವರಾದರೆ ನಾನು ಕಂಡುಕೊಂಡ ನಾಲ್ಕು ಮಾತು.

ಮೊದಲ ವರ್ಷವೇ ನಾಲ್ಕೂ ವರ್ಷದ ಹಾಳೆ ಬರೆಯಿರಿ. ಯಾವ ವಿಷಯ ವರ್ಷಕ್ಕೆ ಒಂದೇ ಸಲ ಬರುತ್ತೆ ಅನ್ನೋದನ್ನು ಕೆಂಪು ಶಾಯಿಯಲ್ಲಿ ಗುರುತು ಮಾಡಿ. ಪುಟ್ಟಿ ಎರಡು ಸೆಮಿಸ್ಟರ್ ಮೊದಲು ಈ ಹಾಳೆ ಬರೆದಿದ್ದರೆ ಬಯೋಕೆಮಿಸ್ಟ್ರಿಯನ್ನು ಎರಡನೇ ವರ್ಷಕ್ಕೇ ತರುವ ದಾರಿ ಹುಡುಕಬಹುದಿತ್ತೋ ಏನೋ.

ಕಾಲೇಜು ಆರಿಸುವಾಗಲೇ ಕೋಚನ್ನು ಕೇಳಿ: ನಿಮ್ಮ ಟೀಮಿನಿಂದ ಎಷ್ಟು ಜನ ಹೊರದೇಶಕ್ಕೆ ಹೋಗಿ ಬಂದಿದ್ದಾರೆ, ವಾಪಸ್ ಬಂದು ಆಡಿದ್ದಾರಾ? ಉತ್ತರ ಬಂದರೆ ಸಂತೋಷ. ಉತ್ತರ ಜಾರಿಕೊಂಡರೆ ಅದೂ ಒಂದು ಉತ್ತರವೇ.

ಡಿವಿಷನ್ ಒಂದರ ಹೆಸರಿಗೆ ಮರುಳಾಗಬೇಡಿ. ಅಲ್ಲಿ ಸ್ಕಾಲರ್‌ಶಿಪ್ ಸಿಗಬಹುದು, ಜತೆಗೆ ನಿಮ್ಮ ಸಮಯದ ಮೇಲಿನ ಹಿಡಿತವೂ ಬಿಗಿ. ಡಿವಿಷನ್ ತ್ರೀ ಕಾಲೇಜಿನಲ್ಲಿ ಓದಿನ ಮೇಲೆ ಸಿಗುವ ಸಹಾಯವೇ ಕೆಲವೊಮ್ಮೆ ಅದಕ್ಕಿಂತ ದೊಡ್ಡದಿರುತ್ತೆ. ಎರಡನ್ನೂ ಪಕ್ಕಪಕ್ಕ ಇಟ್ಟು ಕೂಡಿ ಕಳೆಯಿರಿ.

ಭಾರತದಿಂದ ವಿದ್ಯಾರ್ಥಿ ವೀಸಾದಲ್ಲಿ ಹೋದವರು ಬೇರೆ ದೇಶಕ್ಕೆ ಒಂದು ಸೆಮಿಸ್ಟರ್ ಹೋಗುವ ಮೊದಲು ಕಾಲೇಜಿನ ಅಂತಾರಾಷ್ಟ್ರೀಯ ವಿದ್ಯಾರ್ಥಿಗಳ ಆಫೀಸಿಗೆ ಹೋಗಲೇಬೇಕು. ಅಮೆರಿಕದ ವೀಸಾ ಸ್ಥಿತಿ, ಹೋಗುವ ದೇಶದ ಪರವಾನಗಿ ಎರಡನ್ನೂ ನೋಡಿಯೇ ಟಿಕೆಟ್ ಮಾಡಿಸಿ.

ಸೀನಿಯರ್ ಡೇ

ಅಕ್ಟೋಬರ್ ಕೊನೆಯ ಶನಿವಾರ ಅವರ ಕಾಲೇಜಿನ ಮೈದಾನದಲ್ಲಿ ಕೊನೆಯ ಮ್ಯಾಚು. ಅಲ್ಲಿ ಅದನ್ನು ‘ಸೀನಿಯರ್ ಡೇ’ ಅಂತಾರೆ. ಆಟಕ್ಕೆ ಮೊದಲು ನಾಲ್ಕನೇ ವರ್ಷದ ಆಟಗಾರರು ಒಬ್ಬೊಬ್ಬರೇ ಅಪ್ಪ-ಅಮ್ಮನ ಕೈ ಹಿಡಿದು ಮೈದಾನದ ಮಧ್ಯಕ್ಕೆ ನಡೆದು ಬರ್ತಾರೆ. ಮೈಕಿನಲ್ಲಿ ಅವರ ಬಗ್ಗೆ ನಾಲ್ಕು ಮಾತು ಹೇಳ್ತಾರೆ.

ಅಕ್ಕ ರೇಷ್ಮೆ ಸೀರೆ ಉಟ್ಟಿದ್ದಳು, ಮೇಲೆ ದಪ್ಪ ಜಾಕೆಟ್. ಭಾವ ಕ್ಯಾಮೆರಾ ನನ್ನ ಕೈಗೆ ಕೊಟ್ಟು ಮಗಳ ಕೈ ಹಿಡಿದುಕೊಂಡರು. ಮೈಕಿನಲ್ಲಿ ಅವಳ ಹೆಸರು, ಬಯಾಲಜಿ, ಕೋಪನ್‌ಹೇಗನ್, ಮುಂದಿನ ವರ್ಷ ಆಸ್ಪತ್ರೆ ಕೆಲಸ ಅಂತ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದರು. ಅವತ್ತು ಅವಳನ್ನು ಮೊದಲಿನಿಂದಲೇ ಆಡಿಸಿದರು. ಅದು ಸೀನಿಯರ್ ಡೇ ಮರ್ಯಾದೆಗೋ, ಆಟ ಸುಧಾರಿಸಿತ್ತೋ, ಅವಳೂ ಕೇಳಲಿಲ್ಲ, ನಾವೂ ಕೇಳಲಿಲ್ಲ. ಅರುವತ್ತು ನಿಮಿಷದ ಹೊತ್ತಿಗೆ ಆ ಚಿಕ್ಕ ಹುಡುಗಿ ಬದಲಿಗೆ ಬಂದಳು. ಪುಟ್ಟಿ ಅವಳ ಕಿವಿಯಲ್ಲಿ ಏನೋ ಹೇಳಿ ಹೊರಗೆ ಬಂದಳು. ಮ್ಯಾಚು ಒಂದು-ಒಂದರಲ್ಲಿ ಮುಗಿಯಿತು.

ವಾಪಸ್ ಬರುವಾಗ ಕಾರಿನಲ್ಲಿ ಅಕ್ಕ ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದಳು. ಭಾವ ತುಂಬಾ ಹೊತ್ತು ರಸ್ತೆ ನೋಡ್ತಾ ಕೂತಿದ್ದವರು, ಇದ್ದಕ್ಕಿದ್ದ ಹಾಗೆ ಕೇಳಿದರು:

“ಅವತ್ತು ನೀನು ಆ ಇಂಟರ್ನಲ್ಸ್ ಬಿಟ್ಟು ಆಡೋಕೆ ಹೋಗಿದ್ರೆ ಏನಾಗ್ತಿತ್ತೋ?”

“ಬಿಡಬೇಕಾಗೇ ಇರ್ಲಿಲ್ಲ ಭಾವ. ಕೇಳಿದ್ರೆ ಸೋಮವಾರ ಬರೆಸ್ತಿದ್ರು.”

“ಆ ಕ್ಯಾಪ್ಟನ್ ಈಗ ಎಲ್ಲಿದ್ದಾನೆ?”

“ಬೆಂಗಳೂರಲ್ಲಿ. ನಂಬರ್ ಇದೆ.”

“ಅಲ್ಲಿ ಈಗ ಬೆಳಗಾಗಿರುತ್ತೆ” ಅಂದರು ಭಾವ, ಮತ್ತೆ ರಸ್ತೆ ನೋಡ್ತಾ.